ಕೊನೆಯ ಸಾಲು

ನನ್ನ ಸ್ಕೋರ್ ಪುಸ್ತಕದಲ್ಲಿ ಅವನದು
ಯಾವತ್ತೂ ಕೊನೆಯ ಸಾಲು:
ಒಂದು ಓವರ್, ಏಳು ರನ್, ಒಂದು ವಿಕೆಟ್.

ಎಂಟು ಓವರಿನ ಟೆನಿಸ್ ಬಾಲ್ ಪಂದ್ಯ.
ಏಳು ಮುಗಿಯುವ ತನಕ ಫೈನ್ ಲೆಗ್ಗಿನಲ್ಲಿ
ಜನರೇಟರಿನ ಹೊಗೆಯೊಳಗೆ ನಿಂತು
ಜೇಬಿನ ಕಡಲೆಕಾಯಿ ಬಿಡಿಸುತ್ತಿರುತ್ತಾನೆ.
ಕ್ಯಾಪ್ಟನ್ ಕೈ ಬೀಸಿದರೆ ಸಿಪ್ಪೆ ಕೊಡವಿ ಬರುತ್ತಾನೆ,
ಮನೆಗೆ ಬೆಂಕಿ ಬಿದ್ದ ಮೇಲೆ
ಬಾವಿ ತೋಡಲು ಕರೆಸಿದ ಆಳು.
ಕೆಲವು ಸಲ ನೀರೂ ಬಂದಿದೆ.

ಹಗಲು ಕಲಾಸಿಪಾಳ್ಯದಲ್ಲಿ ಲಾರಿಗೆ ಹಗ್ಗ ಬಿಗಿಯುತ್ತಾನೆ.
ಲೋಡು ತುಂಬುವವರು ಬೇರೆ,
ಹೊಸೂರು ದಾಟಿದರೂ ಬಿಚ್ಚದ ಗಂಟು ಇವನದು.

ವರ್ತೂರಿನ ಫೈನಲ್ಲಿನಲ್ಲಿ ಕೊನೆಯ ಬಾಲಿಗೆ ಐದು ಬೇಕಿತ್ತು.
ಯಾರ್ಕರ್ ಕೈಜಾರಿ ಫುಲ್‌ಟಾಸ್;
ಚೆಂಡು ರಾಜಕಾಲುವೆ ದಾಟಿ
ಯಾರದೋ ಶೀಟಿನ ಮೇಲೆ ಟಪ್ಪೆಂದಿತು.
ಬಸ್ ಚಾರ್ಜೂ ಕೊಡಲಿಲ್ಲ.
ಮರುದಿನ ಆಸ್ಟಿನ್ ಟೌನಿನಲ್ಲಿ ಹಾಜರ್.
‘ನಿನ್ನೇದು?’ ಅಂದೆ.
‘ಅದು ಕಳೆದುಹೋದ ಬಾಲು ಸಾರ್. ಇದು ಬೇರೆ.’

ಈ ಭಾನುವಾರ ಕೈ ಬೀಸಿದ್ದು ಅವನ ಕಡೆಗಲ್ಲ.
ಮೀಸೆ ಮೂಡದ ಹುಡುಗನೊಬ್ಬ ಓಡಿ ಬಂದ.
ಮೊದಲ ಬಾಲೇ ವೈಡು.

ಆಟ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು
‘ನಂದೆಲ್ಲಾ ಒಂದ್ಸಲ ಕೂಡಿಸ್ತೀರಾ?’ ಅಂದ.
ಹದಿನೆಂಟು ವರ್ಷ, ನಾನೂರ ಹನ್ನೆರಡು ಓವರು.
‘ಐದು ದಿನದ ಒಂದು ಟೆಸ್ಟೂ ಆಗಲ್ವಲ್ಲೋ ಮುನಿಯಲ್ಲಪ್ಪಾ!’

ನಕ್ಕ. ಉಳಿದ ಕಡಲೆಕಾಯಿ ನನ್ನ ಪುಸ್ತಕದ ಮೇಲೆ ಸುರಿದ.
ಹೋಗುವ ದಾರಿಯಲ್ಲಿ
ಆ ಹುಡುಗನ ಬೆರಳನ್ನು ಚೆಂಡಿನ ಮೇಲೆ
ಒಂದು ನೂಲಿನಷ್ಟು ಸರಿಸಿದ.