ಕಲಂ ಏಳು

ಪಣಜಿಯ ಪಾಟೋದಲ್ಲಿ ಮೂರನೇ ಮಾಳಿಗೆ.
ಕಿಟಕಿಯಾಚೆ ಔರೆಮ್ ಖಾಡಿ, ಇಳಿತದ ಹೊತ್ತು,
ಕೆಸರಲ್ಲಿ ಒಂದು ಬೆಳ್ಳಕ್ಕಿ ಒಂಟಿಗಾಲಲ್ಲಿ.
ನಾನು ನಡಾವಳಿ ಬರೆಯುವವಳು.
ಮಾತಾಡುವ ಹಕ್ಕಿಲ್ಲ, ಮರೆಯುವ ಹಕ್ಕೂ ಇಲ್ಲ.

ಹನ್ನೊಂದು ಜನರ ಸಮಿತಿ, ಕೋರಂಗೆ ಆರು ಸಾಕು.
ಆರನೆಯವರು ಬಂದದ್ದು ಹನ್ನೊಂದೂ ಇಪ್ಪತ್ತಕ್ಕೆ,
ಮಾಂಡವಿ ಸೇತುವೆ ಮೇಲೆ ಕ್ಯಾಸಿನೊ ಬಸ್ಸು ಕೆಟ್ಟಿತ್ತಂತೆ.
ಕಲಂ ಒಂದು: ಹಿಂದಿನ ನಡಾವಳಿಯ ದೃಢೀಕರಣ. ಆಯಿತು.
ಕಲಂ ಮೂರು: ಹದಿನಾಲ್ಕು ಲಕ್ಷ, ಸಾಧನ ಸಾಮಗ್ರಿಯಿಂದ
ಸಮಾಲೋಚಕರ ಶುಲ್ಕಕ್ಕೆ ಮರುಹಂಚಿಕೆ.
ಚಹಾದ ಕಪ್ಪು ಇಳಿಸುವಷ್ಟರಲ್ಲಿ ಆಯಿತು.
ಕಲಂ ಐದು: ಮಾರ್ಚ್ ಮೂವತ್ತೊಂದರೊಳಗೆ
ಖರ್ಚಾಗದ ಹಣ ವಾಪಸು ಹೋಗುತ್ತದೆ,
ಅದಕ್ಕೇ ಎರಡು ಪ್ರಿಂಟರ್. ಆಯಿತು.

ಕಲಂ ಏಳು.
ಝುವಾರಿನಗರದ ಕ್ಷೇತ್ರ ಸಂಶೋಧಕಿ ಜಮುನಾ ರಾಠೋಡ,
ಬಿಸ್ಕೀಟಿನ ಬಾಬ್ತು ಮುನ್ನೂರ ನಲವತ್ತು ರೂಪಾಯಿ.
ಪರಿಶೋಧಕರ ಆಕ್ಷೇಪ: ಇದಕ್ಕೆ ಶೀರ್ಷಿಕೆ ಇಲ್ಲ.

ಖಾಂಡೇಪಾರಕರರು ಕನ್ನಡಕ ತೆಗೆದು ಒರೆಸಿದರು.
ಮೂವತ್ತೊಂದು ವರ್ಷ ಖಜಾನೆಯಲ್ಲಿದ್ದವರು,
ಕಚೇರಿಯ ಪೆನ್ನು ತಪ್ಪಿ ಜೇಬಿಗೆ ಹೋದೀತೆಂದು
ಸ್ವಂತ ಪೆನ್ನಿನಲ್ಲೇ ಸಹಿ ಮಾಡುವವರು.
"ಈ ದುಡ್ಡು ನಮ್ಮ ಯಾರದ್ದೂ ಅಲ್ಲ," ಅಂದರು ಮೆಲ್ಲಗೆ,
"ವಾಸ್ಕೋದಲ್ಲಿ ಮೀನು ಮಾರುವವಳೊಬ್ಬಳು
ಕೊಂಡ ಸಾಬೂನಿನ ತೆರಿಗೆಯೂ ಇದರೊಳಗಿದೆ.
ಇವತ್ತು ಬಿಸ್ಕೀಟು. ನಾಳೆ?"
ಅವರು ಹೇಳಿದ್ದು ಸುಳ್ಳಲ್ಲ. ತೊಡಕೇ ಅದು.

ಜಮುನಾಳನ್ನು ಕರೆಸಿದರು.
ಒಂಬತ್ತರಿಂದ ಹೊರಗೆ ಬೆಂಚಿನ ಮೇಲೆ ಕೂತಿದ್ದಳು,
ಚೀಲದಲ್ಲಿ ಇನ್ನೂರ ಹನ್ನೆರಡು ಪ್ರಶ್ನಾವಳಿ.
"ಸಾಹೇಬ್ರ, ಒಂದು ಫಾರ್ಮಿಗೆ ನಲವತ್ತು ನಿಮಿಷ.
ಹುಡುಗರು ಮುಂಜಾನಿ ಏನೂ ತಿಂದಿರಂಗಿಲ್ಲ.
ಹಸಿದ ಹುಡುಗ ಎಲ್ಲಾದಕ್ಕೂ ಗೊತ್ತಿಲ್ಲ ಅಂತಾನ.
ನೀವು ಅದನ್ನ ಕೂಡಿಸಿ, ಭಾಗಿಸಿ,
ಕಲಿಕೆಯ ಕೊರತೆ ಅಂತ ಬರೀತೀರಿ."

ಅಧ್ಯಕ್ಷೆ ಫಿಲೊಮೆನಾ ರೆಬೆಲೊ ಒಂದು ಫಾರ್ಮು ಎಳೆದರು, ನೂರ ಹದಿನೆಂಟನೆಯದು.
ಪ್ರಶ್ನೆ ಒಂಬತ್ತು, ಮನೆಯಲ್ಲಿ ಆಡುವ ಭಾಷೆ?
ಲಂಬಾಣಿ, ಕನ್ನಡ, ಕೊಂಕಣಿ, ಹಿಂದಿ, ಯಾವ ಚೌಕಕ್ಕೂ ಗುರುತಿಲ್ಲ.
ಬದಿಯಲ್ಲಿ ಜಮುನಾಳ ಅಕ್ಷರ:
ಮನ್ಯಾಗ ಯಾರೂ ಮಾತಾಡಂಗಿಲ್ಲ. ಅವ್ವಗ ರಾತ್ರಿಪಾಳಿ, ಮಲಗಿರ್ತಾಳ.
"ಸಂಕೇತ ತೊಂಬತ್ತೊಂಬತ್ತು ಹಾಕಿ," ಅಂದರು ಸಂಖ್ಯಾಶಾಸ್ತ್ರದವರು,
"ಉತ್ತರ ದೊರೆತಿಲ್ಲ."
"ದೊರತದಲ್ರೀ," ಅಂದಳು.

ಫ್ಯಾನು ಮಾತ್ರ ಸದ್ದು ಮಾಡಿತು ಆಮೇಲೆ.
ಖಾಂಡೇಪಾರಕರರು ಜೇಬಿಗೆ ಕೈಹಾಕಿ
ನೂರರ ಮೂರು, ಇಪ್ಪತ್ತರ ಎರಡು ನೋಟು
ಮೇಜಿನ ಮೇಲಿಟ್ಟರು. "ನನ್ನ ಕೈಯಿಂದ. ಮುಗಿಯಿತು."
ಅವಳು ಮುಟ್ಟಲಿಲ್ಲ.
"ನೀವು ಕೊಟ್ರ ದಾನ ಆಗ್ತದ್ರೀ.
ಯೋಜನಾ ಕೊಟ್ರ ಕೆಲಸ ಆಗ್ತದ.
ನಾ ಕೆಲಸ ಮಾಡೀನಿ."

ನೋಟುಗಳು ಹಾರಬಾರದೆಂದು
ಯಾರೋ ಅವುಗಳ ಮೇಲೆ ನಿಯಮಾವಳಿಯ ಪುಸ್ತಕ ಇಟ್ಟರು.
ಅಷ್ಟರಲ್ಲಿ ಒಬ್ಬರಿಗೆ ರಾಯಬಂದರಿನ ಫೆರಿ ಹಿಡಿಯಬೇಕಿತ್ತು.
ಉಳಿದವರು ಐದು. ಕೋರಂ ಮುರಿಯಿತು.

ಸಂಜೆ ಕೂತು ಬರೆದೆ:
ವಿಷಯವನ್ನು ಚರ್ಚಿಸಲಾಯಿತು. ಮುಂದಿನ ಸಭೆಗೆ ಮುಂದೂಡಲಾಯಿತು.
ಹೀಗೆ ಬರೆದೇ ಹನ್ನೆರಡು ವರ್ಷ ಸಂಬಳ ಎಣಿಸಿದ್ದೇನೆ.
ಕರ್ಮಣಿ ಪ್ರಯೋಗದಲ್ಲಿ ಯಾರಿಗೂ ಹಸಿವಾಗುವುದಿಲ್ಲ.
ಹೊಡೆದುಹಾಕಿ, ಅವಳು ಹೇಳಿದ್ದನ್ನು
ಹೇಳಿದ ಹಾಗೇ ಬರೆದೆ, ಆ ಕೊನೆಯ 'ರೀ' ಸಮೇತ.
ಸಹಿಯಾಗುತ್ತದೋ ಇಲ್ಲವೋ ಜೂನಿನಲ್ಲಿ ಗೊತ್ತಾಗುತ್ತದೆ.

ಎಲ್ಲರೂ ಹೋದ ಮೇಲೆ ಪುಸ್ತಕ ಎತ್ತಿದೆ. ಐದು ನೋಟು ಅಲ್ಲೇ.
ಯಾವ ರಿಜಿಸ್ಟರಿಗೆ ಏರಿಸಲಿ? ಇವಕ್ಕೂ ಶೀರ್ಷಿಕೆ ಇಲ್ಲ.
ಲಕೋಟೆಯಲ್ಲಿ ಹಾಕಿ, ತಾರೀಖು ಬರೆದು, ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಜಮುನಾ ಈ ಹೊತ್ತಿಗೆ ವಾಸ್ಕೋ ಬಸ್ಸಿನಲ್ಲಿರಬೇಕು.
ಇನ್ನೂ ತೊಂಬತ್ತನಾಲ್ಕು ಮಕ್ಕಳು ಬಾಕಿ.
ಕಂಡಕ್ಟರ್ ಹರಿದುಕೊಟ್ಟ ಚೀಟಿಯನ್ನು ಮಡಚದೆ
ಫಾರ್ಮುಗಳ ನಡುವೆ ಜೋಪಾನ ಮಾಡಿರುತ್ತಾಳೆ.
ಬಸ್ಸಿನ ಟಿಕೇಟಿಗೆ ಶೀರ್ಷಿಕೆ ಇದೆ.