ಹಿಂಗಾಲಿನ ಗುರುತು

ಮೊದಲು ಹೆಣ್ಣಿನ ಕುಂದು ಬರೆ, ಎಂದ ಸೈರೂ ಕೊಠಾರಕರ.
ಗಂಡು ಹುಡುಕುವುದು ಆಮೇಲೆ.

ಮಾಜಾಳಿಯ ದಂಡೆ, ಇಳಿತದ ಹೊತ್ತು,
ಮರಳು ಇನ್ನೂ ಒದ್ದೆ, ಹಪ್ಪಳದ ಹಿಟ್ಟಿನ ಹದ.
ಆಬೋಲಿಯನ್ನು ಲಗಾಮು ಸಡಿಲ ಬಿಟ್ಟು ನಡೆಸಿದೆ
ಮಗುಚಿಟ್ಟ ದೋಣಿಯಿಂದ ಗಾಳಿಮರಗಳವರೆಗೆ.
ಸೈರೂ ಕುಕ್ಕರುಗಾಲಲ್ಲಿ ಕೂತು
ಗೊರಸಿನ ಗುರುತಿಗೆ ಗೇಣು ಹಾಕಿದ.
ಇಪ್ಪತ್ತೆರಡು ವರ್ಷ ಪಲ್ಟಣಿನ ಕುದುರೆಗಳಿಗೆ
ಲಾಳ ಹೊಡೆದ ಕೈ. ಹೆಬ್ಬೆರಳಿಗೆ ಉಗುರಿಲ್ಲ.

"ನೋಡು ಬಾಯಿ, ಮುಂಗಾಲು ಎತ್ತಿದ ಕುಳಿಗೇ
ಹಿಂಗಾಲು ಬಿದ್ದಿದೆ. ದಾಟಿಲ್ಲ. ಬರೆ."

ಬರೆದೆ.
ಬೆನ್ನು ಎರಡು ಬೆರಳು ಉದ್ದ. ಬರೆದೆ.
ಕತ್ತು ಭುಜಕ್ಕೆ ಕೂತದ್ದು ತುಸು ಕೆಳಗೆ.
ಎಡಕ್ಕೆ ಬಾಗಲು ಹಟ, ಹಲಗೆಯ ಹಾಗೆ.
ಹಾಡಿ ಹೊಗಳಿಯೇ ರೂಢಿಯಾದ ಬಾಯಿಗೆ
ಇದೆಲ್ಲ ಕಹಿ. ಬರೆಯುತ್ತಿರುವಾಗಲೇ ಅವಳು
ನನ್ನ ಹೆಗಲಿಗೆ ಗದ್ದ ಊರಿ
ಪುಸ್ತಕದ ಮೂಲೆ ಹರಿದು ತಿಂದಳು.

ಪುಣೆಯಿಂದ ಕರಿಯ ಗಂಡಿನ ವಿಡಿಯೋ ಬಂತು, ಹಿನ್ನೆಲೆಗೆ ಡೋಲು.
ದುಡಕಿಯಲ್ಲಿ ಮುಂಗಾಲು ಎದೆಯೆತ್ತರ ಚಿಮ್ಮುತ್ತಿತ್ತು.
ಮಕ್ಕಳೆಲ್ಲ ಬಾಯಿಬಿಟ್ಟು ನೋಡಿದರು, ನಾನೂ.
ಸೈರೂ ಕುದುರೆಯ ಮುಂಭಾಗಕ್ಕೆ ಅಂಗೈ ಮುಚ್ಚಿ
ಹಿಂದಿನದನ್ನಷ್ಟೇ ನೋಡಿದ:
"ಮುಂದೆ ಮದುವೆ ಮೆರವಣಿಗೆ,
ಹಿಂದೆ ಸಾಲಗಾರ ತಲೆ ತಪ್ಪಿಸಿಕೊಂಡು ಬರುತ್ತಿದ್ದಾನೆ."

ಜರ್ಮನಿಯ ಬೀಜವಾದರೆ ಗೋವಾಕ್ಕೆ ತರಿಸಬಹುದು
ಎಂದರು ಡಾಕ್ಟರ್ ನಾಗ್ವೇಕರ, ಹೊಗೆಯಾಡುವ ಕ್ಯಾನಿನಲ್ಲಿ.
ಒಂದು ಕಡ್ಡಿಗೆ ನನ್ನ ಆರು ತಿಂಗಳ ಸಂಪಾದನೆ.
ಬೈತಖೋಲದಲ್ಲಿ ಬಂಗುಡೆಗೆ ಬರ್ಫ ತುಂಬುವವರನ್ನು ನೋಡುತ್ತ
ಲೆಕ್ಕ ಹಾಕಿದೆ, ಅಳಿಸಿದೆ, ಮತ್ತೆ ಹಾಕಿದೆ.
ಅಜ್ಜ, ಮುತ್ತಜ್ಜ, ಏಳು ತಲೆಯ ಪದಕಗಳು ಕಾಗದದಲ್ಲಿವೆ.
ಹಸಿದಾಗ ಅವನು ಕಚ್ಚುತ್ತಾನೋ, ಕಾಯುತ್ತಾನೋ,
ಅದು ಮಾತ್ರ ಇಲ್ಲ.

ಕೊನೆಗೆ ಅಣಶಿ ಘಾಟಿ ಹತ್ತಿ ಹಳಿಯಾಳ.
ಯಲ್ಲಾರಿ ಮಿರಾಶಿಯ ಹಿತ್ತಲಲ್ಲಿ ಹುರಿಗಡಲೆ:
ಬೂದು ಮೈಗೆ ಕಂದು ಚುಕ್ಕಿ, ಗಿಡ್ಡ ಬೆನ್ನು,
ಸಂದೂಕಿನಂಥ ತಲೆ.
"ಓಡಿಸಿ ತೋರಿಸಲಾ?" ಮಿರಾಶಿ ಚಾವಟಿ ತೆಗೆದ.
ಬೇಡ, ನಡೆಸಿ, ಎಂದೆ.
ದುಡಕಿ ಕಲಿಸಬಹುದು. ನಡಿಗೆ ಹೊಟ್ಟೆಯಿಂದಲೇ ಬರಬೇಕು.

ಅಂಗಳಕ್ಕೆ ನಾಲ್ಕು ಕೊಡ ನೀರು ಹೊಯ್ದೆವು.
ಮಿರಾಶಿಯ ಹೆಂಡತಿ ಬಾಗಿಲಿಗೆ ಒರಗಿ ನಕ್ಕಳು:
"ನನ್ನ ನೋಡಲು ಬಂದವರೂ ನಡೆಸಿಯೇ ನೋಡಿದ್ದು.
ನೀರೊಂದು ಹೊಯ್ದಿರಲಿಲ್ಲ."

ಹುರಿಗಡಲೆ ನಡೆದ,
ಸಂತೆ ಮುಗಿಸಿ ಮನೆಗೆ ಹೊರಟವನ ಹಾಗೆ,
ಬಾಲ ಅತ್ತಿತ್ತ, ಹೊಟ್ಟೆ ಅತ್ತಿತ್ತ.
ಮುಂಗಾಲಿನ ಗುರುತು ದಾಟಿ ಹಿಂಗಾಲು ಬಿತ್ತು
ಒಂದು ಗೇಣು, ಮೇಲೆ ನಾಲ್ಕು ಬೆರಳು.
ಸೈರೂ ಎರಡು ಸಲ ಅಳೆದ.
ಮೂರನೆಯ ಸಲ ನನ್ನ ಗೇಣಿನಿಂದ ಅಳೆಸಿದ.

ತಲೆ ದೊಡ್ಡದಾಯಿತು, ಎಂದೆ.
"ತಲೆಯ ಮೇಲೆ ಕೂರುವವಳಾ ನೀನು?"

ಘಾಟಿ ಇಳಿದು ಕದ್ರಾದಲ್ಲಿ ಚಹಾ.
ಸೈರೂ ಪುಸ್ತಕ ಕೇಳಿ ಸಾಲುಸಾಲಿಗೆ ಬೆರಳಿಟ್ಟ.
ನಡಿಗೆ: ಅವನು ಕೊಟ್ಟಾನು.
ಬೆನ್ನು: ಅರ್ಧ ಅವನು, ಅರ್ಧ ಅದೃಷ್ಟ.
ಕತ್ತು: ಯಾರದು ಬೇಕೋ ಮರಿಯೇ ಆರಿಸಲಿ,
ಹನ್ನೊಂದು ತಿಂಗಳು ಪುರುಸೊತ್ತಿದೆ ಅದಕ್ಕೆ.
ನಾಲ್ಕನೆಯ ಸಾಲಿಗೆ ಬಂದು ಪೆನ್ಸಿಲು ಕೇಳಿದ.
ಎಡಕ್ಕೆ ಬಾಗಲು ಹಟ ಎಂಬುದನ್ನು
ಒಂದೇ ಗೀಟಿನಲ್ಲಿ ಹೊಡೆದು ಹಾಕಿದ.

"ಇದು ಅವಳದಲ್ಲ ಬಾಯಿ. ನಿನ್ನ ಎಡಗೈಯದು.
ಏಳು ವರ್ಷದಲ್ಲಿ ಆ ಕೈ ನೀನು ಸಡಿಲ ಬಿಟ್ಟದ್ದು
ಮೊನ್ನೆ ಒಂದು ಸಲ, ಮರಳಿನಲ್ಲಿ.
ಆವತ್ತು ಗಾಳಿಮರದ ಹತ್ತಿರ ಎಡಕ್ಕೆ ತಿರುಗಿದಳಲ್ಲ,
ನೀರು ತಿರುಗಿದ ಹಾಗೆ. ನೀನು ನೋಡಲಿಲ್ಲ."

ಚಹಾದ ಗ್ಲಾಸು ಎಡಗೈಯಲ್ಲೇ ಇತ್ತು.
ಹಾಗಾದರೆ ಇದಕ್ಕೆ ಯಾವ ಗಂಡು? ಎಂದೆ.

ಸೈರೂ ಬನ್ಸು ಮುರಿದು
ಚಹಾದಲ್ಲಿ ಅದ್ದಿದ.