ಕೊನೇ ಮಾತು

ಲಮಾರಾ ನನ್ನನ್ನು ಕರೆದುಕೊಂಡು ಹೋದದ್ದು
ನನ್ನ ಬಾಯಿಗಾಗಿ.
ದುಶೇತಿಯಲ್ಲಿ ಆಲೂಗಡ್ಡೆಯಿಂದ ಗೋರಿಕಲ್ಲಿನವರೆಗೆ
ಯಾರು ಏನೇ ಕೊಳ್ಳಲಿ, ಪಕ್ಕದಲ್ಲಿ ನಾನಿರಬೇಕು.
ವಾಝಾ ಬಂದರೆ ಬೆಲೆ ತಾನೇ ಮಂಡಿಯೂರುತ್ತದೆಂದು ಪ್ರತೀತಿ,
ಅರ್ಧ ನಾನೇ ಹಬ್ಬಿಸಿದ್ದು.

ರುಸ್ತಾವಿಯ ಬಯಲು. ಮಾರ್ಚ್ ತಿಂಗಳ ಗಾಳಿ.
ಉಕ್ಕಿನ ಕಾರ್ಖಾನೆಯ ಹೊಗೆಕೊಳವೆಗಳ ಕೆಳಗೆ
ಸಾಲು ಸಾಲು ಕಾರು, ಬಾನೆಟ್ಟು ಎತ್ತಿಕೊಂಡು,
ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ.
ಅಮೆರಿಕದಲ್ಲಿ ಗುದ್ದಿಸಿಕೊಂಡು, ಹಡಗೇರಿ,
ಪೋತಿ ಬಂದರಿನಲ್ಲಿಳಿದು
ಇಲ್ಲಿ ಮೂಗು ತಿದ್ದಿಸಿಕೊಂಡು ನಿಂತವು.

ಅವಳಿಗೆ ಬೇಕಾದದ್ದು ಒಂದು ಚಿಕ್ಕ ಎಸ್‌ಯುವಿ.
ನೆಲಕ್ಕೆ ಹೊಟ್ಟೆ ತಾಗಬಾರದು,
ನಾಲ್ಕೂ ಚಕ್ರ ದುಡಿಯಬೇಕು,
ಹಿಂದಿನ ಸೀಟು ಮಡಚಿದರೆ
ಒಬ್ಬ ಬಸುರಿ ಮಲಗುವಷ್ಟು ಜಾಗ.
ಇಪ್ಪತ್ತೊಂಬತ್ತು ವರ್ಷದಿಂದ ಸೂಲಗಿತ್ತಿ;
ಮೇಲಿನ ಹಳ್ಳಿಗಳಿಗೆ ಇಷ್ಟು ದಿನ ಹೋದದ್ದು
ಹಾಲಿನ ಲಾರಿಯಲ್ಲಿ, ಒಮ್ಮೆ ಹೆಣದ ವ್ಯಾನಿನಲ್ಲಿ,
ಡ್ರೈವರುಗಳ ಮರ್ಜಿ ಕಾದು.

"ಹನ್ನೊಂದು ಸಾವಿರದ ಎಂಟುನೂರು ಡಾಲರು," ಅಂದ ಗೋಚಾ,
ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತ.
"ಅಲ್ಲಿ ಒಬ್ಬ ಟೀಚರಮ್ಮ ಓಡಿಸಿದ್ದು, ಭಾನುವಾರ ಮಾತ್ರ."
"ಅವಳ ಶಾಲೆ ಭಾನುವಾರವೇನು?" ಎಂದೆ.
ಆಟ ಶುರುವಾಯಿತು.

ಜೇಬಿನಿಂದ ಆಯಸ್ಕಾಂತ ತೆಗೆದೆ,
ಬಣ್ಣಕ್ಕೆ ಗೀರು ಬೀಳದಂತೆ ಹೆಂಡತಿಯ ಕಾಲ್ಚೀಲದಲ್ಲಿ ಸುತ್ತಿದ್ದು.
ಬಾಗಿಲು ಬಾಗಿಲಿಗೂ ಇಟ್ಟೆ. ಕಚ್ಚಿತು, ಕಚ್ಚಿತು,
ಎಡ ಹಿಂಬಾಗಿಲಲ್ಲಿ ಜಾರಿ ಕೆಸರಿಗೆ ಬಿತ್ತು.
"ಇದು ತಗಡಲ್ಲ ಗೋಚಾ, ಗಾರೆ!
ಮಾರುತ್ತಿರೋದು ಮನೆಯೋ, ಕಾರೋ?"
ಸೀಟ್ ಬೆಲ್ಟು ಬುಡದವರೆಗೆ ಎಳೆದೆ.
ಪ್ರವಾಹದಲ್ಲಿ ಮುಳುಗಿದ ಗಾಡಿಯಾದರೆ
ಅಲ್ಲಿ ಮಣ್ಣಿನ ಗೆರೆ ಸಿಕ್ಕಿಬೀಳುತ್ತದೆ.
ಗೆರೆ ಇರಲಿಲ್ಲ. ಇದ್ದಂತೆ ಮುಖ ಮಾಡಿದೆ.
ಟೈರಿಗೆ ಒದ್ದೆ. ಎರಡು ಸಲ ಹೊರಟುಹೋದೆ,
ಎರಡು ಸಲವೂ ಯಾರೂ ಕರೆಯದೆ ವಾಪಸು ಬಂದೆ.
ಅವನ ತಾಯಾಣೆ, ನನ್ನ ತಾಯಾಣೆ;
ತಾಯಂದಿರಿಬ್ಬರೂ ಮಣ್ಣೊಳಗೆ ಮಗ್ಗುಲಾದರು.
ಹನ್ನೊಂದಾಯಿತು. ಹತ್ತು ಸಾವಿರದ ಆರುನೂರಾಯಿತು.
ಅಲ್ಲಿ ಹೂತುಕೊಂಡಿತು.
"ಇದೇ ಕೊನೇ ಮಾತು," ಅಂದ.
ನನ್ನ ಗಂಟಲೂ ಅದನ್ನೇ ಅಂದಿತು, ಒಣಗಿ.

ಆಗ ಲಮಾರಾ ಬಾಗಿಲು ತೆಗೆದು ಸ್ಟಿಯರಿಂಗಿನ ಹಿಂದೆ ಕೂತಳು.
ಕೋಟು ಬಿಚ್ಚಲಿಲ್ಲ.
"ಒಂಬತ್ತು ಎಂಟುನೂರು," ಅಂದಳು,
ಜ್ವರ ಎಷ್ಟಿದೆ ಎಂದು ಹೇಳುವ ದನಿಯಲ್ಲಿ.
ಆಮೇಲೆ ಸುಮ್ಮನಾದಳು.

ನಾನು ಬಾಯಿ ತೆರೆದೆ.
ಎರಡು ಬೆರಳು ಎತ್ತಿದಳು, ಅಷ್ಟೇ;
ಹೆರಿಗೆ ಕೋಣೆಯಿಂದ ಗಂಡಸರನ್ನು ಹೊರಗಟ್ಟುವ ಬೆರಳು.
ಗೋಚಾ ಡಿಕ್ಕಿ ಹೊಗಳಿದ. ಹಿಂದಿನ ಕ್ಯಾಮೆರಾ ಹೊಗಳಿದ.
ಹಡಗಿನ ಬಾಡಿಗೆ ಎಂದ, ಸುಂಕ ಎಂದ, ಮಗಳ ಮದುವೆ ಎಂದ.
ಅವಳು ಗಡಿಯಾರ ನೋಡಿಕೊಂಡಳು,
ನೋವು ಎಷ್ಟು ನಿಮಿಷಕ್ಕೊಮ್ಮೆ ಬರುತ್ತಿದೆ ಎಂದು
ಎಣಿಸುವವಳಂತೆ.
"ಹತ್ತು ನಾನೂರು."
ಗಾಳಿ.
"ಹತ್ತು ಇನ್ನೂರು, ನನ್ನ ಹೊಟ್ಟೆ ಮೇಲೆ ಹೊಡೆದು."
ಪಕ್ಕದ ಸಾಲಿನಲ್ಲಿ ಯಾವುದೋ ಕಾರಿನ ಅಲಾರಂ
ಅತ್ತೂ ಅತ್ತೂ ನಿಂತಿತು.
ಬೀಜದ ಪೊಟ್ಟಣ ಮುಗಿಯಿತು.
ಅವನ ಕೈಗಳಿಗೆ ಕೆಲಸ ಉಳಿಯಲಿಲ್ಲ.

"ಒಂಬತ್ತು ಒಂಬೈನೂರು, ತಾಯಿ.
ಚಳಿಗಾಲದ ನಾಲ್ಕು ಟೈರೂ ತಗೊಂಡು ಹೋಗು.
ಆದರೆ ಏನಾದರೂ ಮಾತಾಡು."
ಮಾತಾಡಿದಳು:
"ಬೆವರುತ್ತಿದ್ದೀಯ. ನೀರು ಕುಡಿ."

ತ್ಬಿಲಿಸಿ ದಾಟುವವರೆಗೂ ಗೆದ್ದವನು ನಾನೇ ಎಂಬಂತೆ ಮಾತಾಡಿದೆ.
ಆ ಆಯಸ್ಕಾಂತ ಬೀಳದೇ ಹೋಗಿದ್ದರೆ, ಎಂದು.
ಹೂಂ ಅನ್ನುತ್ತಿದ್ದಳು.
ಅರಾಗ್ವಿ ಹೊಳೆ ಕಂಡಾಗ ಒಳಜೇಬಿನಿಂದ
ನೋಟಿನ ಕಟ್ಟು ತೆಗೆದು ನನ್ನ ತೊಡೆಯ ಮೇಲಿಟ್ಟಳು.
ಎರಡು ಸಾವಿರ.
"ಅವನು ಮೊದಲು ಕೇಳಿದ್ದನ್ನೇ ಕೊಡಲು ಬಂದಿದ್ದೆ, ವಾಝಾ.
ಮೇಲೆ ಒಬ್ಬಳಿಗೆ ಈ ವಾರವೇ ದಿನ ತುಂಬುತ್ತದೆ."

"ಮತ್ತೆ ನನ್ನನ್ನೇಕೆ ಕರೆದೆ?"

"ಯಾರಾದರೂ ಒಬ್ಬರು ಕೂಗಾಡಬೇಕಲ್ಲ,"
ಅಂದಳು, ತಿರುವಿನಲ್ಲಿ ವೇಗ ಇಳಿಸುತ್ತ.
ಹಿಂದೆ ಆ ಎಡ ಬಾಗಿಲು
ಗಡಗಡ ಎನ್ನುತ್ತಲೇ ಇತ್ತು.